ಒಂದು ಮೆಷಿನ್, ಎರಡು ಕೋಣೆ

ಮೊನ್ನೆ ಭಾನುವಾರ ನಮ್ಮ ಕನ್ನಡ ಬುಕ್ ಕ್ಲಬ್‌ನ ಝೂಮ್ ಮೀಟಿಂಗ್‌ನಿಂದ ಅರ್ಧಕ್ಕೇ ಎದ್ದು ಬಂದೆ. ನೆಟ್ ಹೋಯಿತು ಎಂದು ಗ್ರೂಪಿನಲ್ಲಿ ಹಾಕಿದ್ದು ಸುಳ್ಳು.

ಈ ತಿಂಗಳು ಓದಿದ್ದು, ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಬದುಕುಳಿದ ಯಹೂದಿ ಹೆಂಗಸೊಬ್ಬಳ ನೆನಪುಗಳು. ಅಡಗಿಕೊಳ್ಳುವ ನೆಲಮಾಳಿಗೆಯಲ್ಲಿ ಅವಳ ಜೊತೆ ಇನ್ನೊಬ್ಬರಿಗಷ್ಟೇ ಜಾಗ. ಹೊರಗೆ ಅಮ್ಮನೂ ಇದ್ದಾಳೆ, ಗಂಡನೂ ಇದ್ದಾನೆ. ಅವಳು ಗಂಡನನ್ನು ಒಳಗೆ ಎಳೆದುಕೊಳ್ಳುತ್ತಾಳೆ.

ಚರ್ಚೆ ಜೋರಾಗಿತ್ತು. ಸರಿ, ತಪ್ಪು, ಧರ್ಮಸಂಕಟ...

ಕ್ಲಬ್ಬಿನ ಹಿರಿಯರು ಇಲ್ಲೇ ಬಾಂಗ್ಸಾರಿನಲ್ಲಿರುವ ಐರಿನಕ್ಕ, ಮೂಲ ಮಂಗಳೂರು ಕಡೆಯವರು. "ಆ ತಾಯಿಯೇ ಜಾಗ ಬಿಟ್ಟುಕೊಟ್ಟಿರ್ಬೇಕು ಮಾರಾಯ್ರೆ. ನಮ್ಮ ಸುಮಾಳ ಅಮ್ಮನನ್ನೇ ನೋಡಿ, ಅಳಿಯನಿಗೆ ತನ್ನ ಆಕ್ಸಿಜನ್ ಕೊಟ್ರಲ್ಲ. ತ್ಯಾಗ ಅಂದ್ರೆ ಅದು" ಅಂದರು.

ಆ ಸುಮಾ ನಾನೇ. ಕ್ಯಾಮೆರಾ ಆಫ್ ಮಾಡಿದೆ.

ಈ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಅಮ್ಮ ಹೋದಾಗ ಫೋನ್ ಮಾಡಿದವರೆಲ್ಲ ಇದನ್ನೇ ಹೇಳಿ ಸಮಾಧಾನ ಮಾಡಿದರು. ಕೇಳಿ ಕೇಳಿ ಸಾಕಾಗಿದೆ.

ಅಮ್ಮ ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಈ ಪರದೇಶಕ್ಕೆ, ಸುಬಾಂಗ್ ಜಯಾದ ನಮ್ಮ ಮನೆಗೆ ಬಂದವಳು. ಲಾಕ್‌ಡೌನ್ ಆಗಿ ದೇಶದ ಗಡಿ ಮುಚ್ಚಿತು. ಮಗು ನಡೆಯಲು ಕಲಿತರೂ ಅವಳು ಇಲ್ಲೇ ಇದ್ದಳು, ಅಳಿಯನ ಮನೆಯಲ್ಲಿ ಎಷ್ಟು ದಿನ ಇರುವುದು ಎಂದು ಗೊಣಗುತ್ತಾ.

ಆಮೇಲೆ ಅವಳಿಗೂ ನನ್ನ ಗಂಡ ರಘುವಿಗೂ ಒಟ್ಟಿಗೇ ಕೋವಿಡ್ ಬಂತು. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಆಂಬುಲೆನ್ಸ್‌ಗೆ ಕಾಯಿರಿ ಎಂದರು. ಪಕ್ಕದ ಮನೆಯ ತಮಿಳು ಅಂಕಲ್ ಎಲ್ಲಿಂದಲೋ ಒಂದು ಆಕ್ಸಿಜನ್ ಮೆಷಿನ್ ತಂದು ಗೇಟಿನ ಬಳಿ ಇಟ್ಟು ಹೋದರು.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸೋಣವೆಂದರೆ ಅಮ್ಮ ಬಿಲ್‌ಕುಲ್ ಒಪ್ಪಲಿಲ್ಲ. "ಅಳಿಯನ ಮುಂದೆ ಕಾಲು ಚಾಚ್ಕೊಂಡು ಮಲಗೋದಾ? ಚೆನ್ನಾಗಿರುತ್ತಾ?"

ಹಾಗಾಗಿ ಮೆಷಿನ್ನನ್ನು ಆ ಕೋಣೆಯಿಂದ ಈ ಕೋಣೆಗೆ, ಈ ಕೋಣೆಯಿಂದ ಆ ಕೋಣೆಗೆ ತಳ್ಳುತ್ತಿದ್ದೆ. ಸಂಜೆ ಹೊತ್ತಿಗೆ ಇಬ್ಬರ ಆಕ್ಸಿಜನ್ ಮಟ್ಟವೂ ಇಳಿದುಹೋಯಿತು.

ಫೋನಿನಲ್ಲಿ ಡಾಕ್ಟರ್ ಇಲ್ಲಿಯವರ ಇಂಗ್ಲಿಷಿನಲ್ಲಿ ಅಂದರು, "ಶೇರ್ ಕೆನಾಟ್ ಲಾ, ಸಿಸ್ಟರ್. ಬೋತ್ ಯು ವಿಲ್ ಲೂಸ್. ಒನ್ ಪರ್ಸನ್ ಓನ್ಲಿ. ಯು ಡಿಸೈಡ್."

ಮೆಷಿನ್ ಆಗ ರಘುವಿನ ಹತ್ತಿರ ಇತ್ತು. ಅಲ್ಲೇ ಬಿಟ್ಟೆ.

ಮಗುವಿಗೆ ಅಪ್ಪ ಬೇಕು ಅಂದುಕೊಂಡೆ. ಅಮ್ಮನಿಗೆ ವಯಸ್ಸಾಯಿತು ಎಂದೂ ಅಂದುಕೊಂಡೆ. ಹೌದು, ಅಂದುಕೊಂಡೆ.

ಆ ಕೋಣೆಯಿಂದ ಅಮ್ಮ ಕೂಗುತ್ತಾಳೆ. "ಸುಮಾ... ಮೆಷಿನ್ ತಗೊಂಬಾರೇ. ಈಗ ನನ್ ಸರದಿ ಅಲ್ವೇನೇ?"

"ಬಂದೆ ಅಮ್ಮ, ಒಂದ್ನಿಮಿಷ" ಅನ್ನುತ್ತೇನೆ. ಮತ್ತೆ ಕೂಗುತ್ತಾಳೆ. ಮತ್ತೆ ಅದನ್ನೇ ಅನ್ನುತ್ತೇನೆ.

ಕೊನೆಗೆ ಬರಿಗೈಯಲ್ಲಿ ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನನ್ನು ನೋಡಲಿಲ್ಲ. ಮೆಷಿನ್ ಬರುತ್ತದೆಂದು ಬಾಗಿಲನ್ನೇ ನೋಡುತ್ತಿದ್ದಳು.

ಆಂಬುಲೆನ್ಸ್ ಬಂದಾಗ ಹತ್ತಿಸಲು ರಘು ಒಬ್ಬನೇ ಉಳಿದಿದ್ದ. ಅವನು ಹುಷಾರಾಗಿ ಮನೆಗೆ ಬಂದ. ನನಗೆ ಸಂತೋಷವೂ ಆಯಿತು, ಆ ಸಂತೋಷ ಕಂಡು ಹೇಸಿಗೆಯೂ ಆಯಿತು.

ನಾಜಿಗಳ ಕ್ರೌರ್ಯಕ್ಕೂ ನನ್ನ ಮನೆಯ ಕಾಯಿಲೆಗೂ ಹೋಲಿಕೆ ಇಲ್ಲ, ಗೊತ್ತು. ಅಲ್ಲಿ ಮನುಷ್ಯರೇ ಬೇಕೆಂದು ಕೊಂದರು. ಆದರೆ ಆ ಹೆಂಗಸು ತನ್ನಮ್ಮ ಜಾಗ ಬಿಟ್ಟುಕೊಟ್ಟಳು ಎಂದು ಎಲ್ಲೂ ಬರೆದಿಲ್ಲ. ಅಮ್ಮನೂ ಕೈ ಚಾಚಿದ್ದಳು ಎಂದೇ ಬರೆದಿದ್ದಾಳೆ. ಆ ಸಾಲನ್ನು ನಮ್ಮ ಕ್ಲಬ್ಬಿನಲ್ಲಿ ಯಾರೂ ಎತ್ತಲಿಲ್ಲ.

ದಯವಿಟ್ಟು ನನ್ನಮ್ಮನನ್ನು ತ್ಯಾಗಮಯಿ ಎನ್ನಬೇಡಿ... ಅವಳಿಗೆ ಬದುಕಬೇಕಿತ್ತು.