ಹರೀಶನಿಗೆ ಗೊತ್ತಿಲ್ಲದ ಬೀಳ್ಕೊಡುಗೆ

ಶುಕ್ರವಾರ ಕುವೈತ್‌ನ ನಮ್ಮ ಕನ್ನಡ ಸಂಘದ ಪಿಕ್‌ನಿಕ್‌ನಲ್ಲಿ ಚರುಮುರಿ ಬೆರೆಸುವ ಮೇಜಿನ ಕೆಳಗೆ ಪ್ಲೇಟು ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಗಾಜಿನ ಸ್ಮರಣಿಕೆ. ಅದರ ಮೇಲೆ ನನ್ನ ಗೆಳೆಯ ಹರೀಶನ ಹೆಸರು. ಕೆಳಗೆ, ‘ತಾಯ್ನಾಡಿಗೆ ಮರಳುತ್ತಿರುವ ನಿಮಗೆ ಶುಭವಾಗಲಿ.’

ಹರೀಶ ಎಲ್ಲಿಗೂ ಮರಳುತ್ತಿಲ್ಲ. ಹತ್ತು ಹೆಜ್ಜೆ ಆಚೆ ಹಗ್ಗಜಗ್ಗಾಟದಲ್ಲಿ ಬೆವರುತ್ತಿದ್ದ.

ನಡೆದದ್ದಿಷ್ಟು. (ಈ ಅಂಕಣಕ್ಕಾಗಿ ಹೆಸರು ಬದಲಿಸಿದ್ದೇನೆ. ಅಷ್ಟಾದರೂ ಬುದ್ಧಿ ಬಂದಿದೆ.) ಗುರುವಾರವೂ ರಜೆ ಸಿಕ್ಕಿತೆಂದು ರಿಗ್ಗೈಯಲ್ಲಿರುವ ಹರೀಶ ಸಂಸಾರ ಸಮೇತ ಮಂಗಫ್‌ನ ನಮ್ಮ ಮನೆಗೆ ಬಂದಿದ್ದಾನೆ. ಹದಿನೈದು ದಿನದ ಹಿಂದೆ ಫೋನಿನಲ್ಲಿ ಒಂದು ಗುಟ್ಟು ಹೇಳಿದ್ದ. ಬೇರೆ ಕಂಪನಿಯ ಇಂಟರ್‌ವ್ಯೂ ಪಾಸಾಗಿದೆ, ಆಫರ್ ಲೆಟರ್ ಮಾತ್ರ ಕೈಗೆ ಬಂದಿಲ್ಲ. ಅದಕ್ಕೂ ಮೊದಲೇ ಈಗಿನ ಮ್ಯಾನೇಜರ್ ಹಮೀದ್ ಸರ್‌ಗೆ ಗೊತ್ತಾದರೆ ಕಂಪನಿ ಬದಲಿಸಲು ಬೇಕಾದ ರಿಲೀಸ್ ಕೊಡದೆ ಸತಾಯಿಸಬಹುದು. ಇವತ್ತಿಗೇ ಕೆಲಸ ಖಲಾಸ್ ಅನ್ನಲೂಬಹುದು. ಕೆಲಸ ಹೋದರೆ ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ ಹೋಯಿತು, ಇಕಾಮಾ ಹೋದರೆ ಮಗಳ ಹತ್ತನೇ ಕ್ಲಾಸು ಅರ್ಧಕ್ಕೇ ನಿಂತಿತು. ಯಾರಿಗೂ ಹೇಳಬೇಡ ಎಂದಿದ್ದ.

ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದೆ. (ಅದು ಹೇಳಿದ ಲೆಕ್ಕಕ್ಕೆ ಬರುತ್ತದೆಯೇ?) ಅವಳೂ ಯಾರಿಗೂ ಹೇಳಲಿಲ್ಲ, ಸಂಘದ ಕಾರ್ಯದರ್ಶಿ ಸದಾಶಿವಣ್ಣನ ಹೆಂಡತಿಯನ್ನು ಬಿಟ್ಟು. ಅಲ್ಲಿಂದ ಕಮಿಟಿಗೆ ತಲುಪುವಷ್ಟರಲ್ಲಿ ‘ಕಂಪನಿ ಬಿಡುತ್ತಾನೆ’ ಎನ್ನುವುದು ‘ಕುವೈತ್ ಬಿಡುತ್ತಾನೆ’ ಎಂದಾಗಿದೆ. ಕುವೈತ್ ಬಿಡುವವರನ್ನು ನಮ್ಮ ಸಂಘ ಬರಿಗೈಲಿ ಕಳಿಸುವುದಿಲ್ಲ. ಶಾಲು, ಹಾರ, ಸ್ಮರಣಿಕೆ, ಎರಡು ಒಳ್ಳೆಯ ಮಾತು. ಎಲ್ಲವೂ ಸರ್‌ಪ್ರೈಸ್. ಕೊಡುವವರು ಮುಖ್ಯ ಅತಿಥಿ. ಈ ಸಲದ ಮುಖ್ಯ ಅತಿಥಿ ಯಾರು ಗೊತ್ತೇ? ಇದೇ ಹಮೀದ್ ಸರ್.

ಸದಾಶಿವಣ್ಣನನ್ನು ಪಕ್ಕಕ್ಕೆ ಕರೆದು ಅಂಗಲಾಚಿದೆ. ಒಳ್ಳೆಯ ಮನುಷ್ಯ, ತಕ್ಷಣ ಆ ಕಾರ್ಯಕ್ರಮ ಕೈಬಿಟ್ಟರು. ಸ್ಮರಣಿಕೆಯನ್ನು ನನ್ನ ಕಾರಿನ ಡಿಕ್ಕಿಯಲ್ಲಿ ಇದ್ದಿಲಿನ ಚೀಲದ ಕೆಳಗೆ ತುರುಕಿದೆ. ಬದುಕಿದೆ ಅಂದುಕೊಂಡೆ. ಆಗ ಅವರು ತಲೆ ಕೆರೆದುಕೊಂಡರು.

“ಆದ್ರೆ ಮಾರಾಯ್ರೇ, ಹರೀಶರ ಬೀಳ್ಕೊಡುಗೆ ಅಂತ ಹಾಕಿದ ಪ್ರೋಗ್ರಾಂ ಲಿಸ್ಟ್ ನಿನ್ನೆಯೇ ಹಮೀದ್ ಸರ್‌ಗೆ ವಾಟ್ಸಾಪ್ ಮಾಡಿ ಆಗಿದೆ. ಬ್ಲೂ ಟಿಕ್ ಕೂಡ ಬಂದುಂಟು.”

ಆಮೇಲೆ ದಿನವಿಡೀ ನಾನು ನೋಡಿದ್ದು ಹಮೀದ್ ಸರ್ ಮುಖವನ್ನೇ. ಅವರು ನಿಂಬೆ-ಚಮಚದ ಓಟಕ್ಕೆ ಚಪ್ಪಾಳೆ ತಟ್ಟಿದರು. ಹರೀಶನ ಮಗಳ ಓದನ್ನು ಕನ್ನಡದಲ್ಲೇ ವಿಚಾರಿಸಿದರು. (ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು.) ಹರೀಶನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಬೀಳ್ಕೊಡುಗೆಯ ಸುದ್ದಿಯನ್ನು ಮಾತ್ರ ಎತ್ತಲೇ ಇಲ್ಲ. ಕೂಗಾಡಿದ್ದರೆ ನನಗಿಷ್ಟು ಭಯವಾಗುತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ನಗುತ್ತಿರುವ ಮ್ಯಾನೇಜರನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ವಾಪಸ್ ಬರುವಾಗ ಕಾರಿನಲ್ಲಿ ಹರೀಶ ಖುಷಿಯಾಗಿದ್ದ.

“ಸರ್‌ಗೆ ಏನೂ ಡೌಟ್ ಬರ್ಲಿಲ್ಲ ಮಾರಾಯ. ನಿನ್ನೊಬ್ಬನ ಹತ್ರ ಮಾತ್ರ ಹೇಳಿದ್ದು ಒಳ್ಳೇದಾಯ್ತು.”

ನಾನು ಎಸಿ ಜೋರು ಮಾಡಿದೆ.

ಇವತ್ತು ಶನಿವಾರ. ಸಂಘದವರೆಲ್ಲ ಬೀಚಿಗೆ ಹೊರಟಿದ್ದಾರೆ. ಹರೀಶ ನಮ್ಮ ಹಾಲ್‌ನಲ್ಲಿ ಕೂತು ಮಕ್ಕಳ ಬಾಲ್‌ಗೆ ಗಾಳಿ ತುಂಬುತ್ತಿದ್ದಾನೆ. ನಾನು ಅಂಕಣದ ನೆಪ ಹೇಳಿ ಒಳಗೆ ಬಾಗಿಲು ಹಾಕಿಕೊಂಡಿದ್ದೇನೆ. ನಾಳೆ ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ ಅವನು ಆಫೀಸಿನಲ್ಲಿ ಹಮೀದ್ ಸರ್ ಎದುರು ನಿಲ್ಲಬೇಕು. ಅದಕ್ಕೂ ಮೊದಲು ಅವನಿಗೆ ವಿಷಯ ತಿಳಿಯಬೇಕು, ಅದೂ ನನ್ನಿಂದಲೇ.

ಹೇಳಬಾರದ ಕಡೆ ಸಲೀಸಾಗಿ ತೆರೆದುಕೊಂಡ ಬಾಯಿ, ಹೇಳಲೇಬೇಕಾದ ಒಬ್ಬನೆದುರು ಯಾಕೆ ತೆರೆಯುತ್ತಿಲ್ಲ?