ವಾಪಸ್ ಬಾರದ ಸ್ಟೀಲ್ ಡಬ್ಬಿ

ನನಗೆ ಕೆಲಸ ಸಿಕ್ಕಿತು ಅಂತ ಅಮ್ಮ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ ನಾಲ್ಕನೇ ದಿನಕ್ಕೆ ಆ ಕೆಲಸ ಹೋಯಿತು. ನಾನಿನ್ನೂ ಸೇರಿಯೇ ಇರಲಿಲ್ಲ. ಸೇರದ ಕೆಲಸ ಹೋಗುವುದು ಹೇಗೆ ಅಂತ ಕೇಳಬೇಡಿ, ಎಂಬಿಎ ಮುಗಿಸಿದ ನನಗೇ ಅದು ತಲೆಗೆ ಹೋಗಲು ಎರಡು ದಿನ ಹಿಡಿಯಿತು. ಬೆಂಗಳೂರಿನ ಒಂದು ಕಂಪನಿ ಆಫರ್ ಲೆಟರ್ ಕಳಿಸಿತ್ತು. ಆಮೇಲೆ ಅದೇ ಕಂಪನಿ, ಮಾರುಕಟ್ಟೆ ಪರಿಸ್ಥಿತಿ ಸರಿಯಿಲ್ಲದ ಕಾರಣ ಈ ಸಲ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ನಿಮ್ಮ ಭವಿಷ್ಯಕ್ಕೆ ಶುಭಾಶಯಗಳು ಅಂತ ಮೇಲ್ ಹಾಕಿತು. ಶುಭಾಶಯವಂತೆ! ಓದಿ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಅಮ್ಮನಿಗೆ ಕಂಪನಿಯ ಮೇಲೆ ಸಿಟ್ಟಿರಲಿಲ್ಲ. ಅವಳ ತಲೆ ತುಂಬ ಮಿಠಾಯಿ.

"ಅಯ್ಯೋ, ಹಂಚ್ಬಿಟ್ಟೆನಲ್ಲೇ! ಎದುರುಮನೆಗಂತೂ ಡಬ್ಬಿ ತುಂಬಾ ಕೊಟ್ಬಂದಿದೀನಿ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಇದ್ದಿದ್ದನ್ನ ಇದ್ದಂಗೆ ಹೇಳಿದ್ರಾಯ್ತು, ಇನ್ನೊಂದು ಸಿಗುತ್ತೆ ಬಿಡು" ಅಂದರು ಅಪ್ಪ. ಅವರು ನೆಲಮಂಗಲದ ಹೊರಗೆ, ಹೈವೇ ಪಕ್ಕದ ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಾರೆ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಅಪ್ಪ ಕ್ಯಾಬಿನ್ನಿನೊಳಗೆ ಕೂತು ತೂಕದ ಚೀಟಿ ಕೊಡುತ್ತಾರೆ. ಇಪ್ಪತ್ತು ವರ್ಷ ದಿನವಿಡೀ ಲಾರಿ ಹಾರನ್ ಕೇಳಿದ ಮನುಷ್ಯನಿಗೆ ಯಾವುದಕ್ಕೂ ಗಾಬರಿಯಾಗುವುದಿಲ್ಲ.

"ನೀವು ಸುಮ್ನಿರ್ರೀ! ನನ್ನ ಮರ್ಯಾದೆ ಏನಾಗ್ಬೇಕು?"

ಅವಳ ಮಾತಿನಲ್ಲೂ ನ್ಯಾಯವಿತ್ತು. ನನ್ನನ್ನು ಎಂಬಿಎಗೆ ಸೇರಿಸಲೇಬೇಕು ಅಂತ ಹಟ ಹಿಡಿದವಳು ಅವಳೇ. 'ಹೆಣ್ಣುಮಗೂನ ಇನ್ನೂ ಎಷ್ಟು ಓದಿಸ್ತೀರಿ' ಅಂತ ಕೊಳಾಯಿ ಹತ್ತಿರ, ಸೊಪ್ಪಿನ ಗಾಡಿ ಹತ್ತಿರ ಕೇಳಿಸಿಕೊಂಡವಳೂ ಅವಳೇ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಕೊನೆಗೆ ಮಿಠಾಯಿಯ ತಟ್ಟೆ ಹಿಡಿದು ಬೀದಿಯಲ್ಲಿ ತಲೆ ಎತ್ತಿ ನಡೆದಿದ್ದಳು. ಆ ನಡಿಗೆಯನ್ನು ನಾನು ಮಹಡಿ ಮೇಲಿಂದ ನೋಡಿದ್ದೆ. ಅದು ನಗೆಪಾಟಲಾಗುವುದು ನನಗೂ ಬೇಕಿರಲಿಲ್ಲ. ಬೀದಿಗೆ ಸುದ್ದಿ ಮುಟ್ಟುವುದರೊಳಗೆ ನಿಜವಾದ ಕೆಲಸವೊಂದನ್ನು ಹಿಡಿಯಬೇಕು, ಅಷ್ಟೇ.

ಉಪಾಯ ಹೂಡಿದ್ದು ಅಮ್ಮ. "ಸೋಮವಾರದಿಂದ ಬೆಳಿಗ್ಗೆ ಎಂಟಕ್ಕೆ ರೆಡಿಯಾಗಿ ಮನೆ ಬಿಡು. ಸಾಯಂಕಾಲ ಆರಕ್ಕೆ ಮುಂಚೆ ಈ ಬೀದೀಲಿ ಮುಖ ತೋರಿಸ್ಬೇಡ. ಊಟದ ಡಬ್ಬಿ ನಾನು ಕಟ್ಟಿಕೊಡ್ತೀನಿ."

"ಎಲ್ಲಿಗಮ್ಮಾ ಹೋಗ್ಲಿ?"

"ಅದನ್ನೂ ನಾನೇ ಹೇಳ್ಬೇಕಾ? ಎಂಬಿಎ ಓದಿರೋಳು ನೀನು."

ಹೀಗೆ ನಾನು ಇಲ್ಲದ ಆಫೀಸಿಗೆ ಹೋಗತೊಡಗಿದೆ. ಇಸ್ತ್ರಿ ಮಾಡಿದ ಚೂಡಿದಾರ, ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಚಿತ್ರಾನ್ನ. ಮೊದಲ ವಾರ ಪ್ರತಿ ಗೇಟಿನಲ್ಲೂ ಒಂದು ತಲೆ ಮೇಲೆದ್ದು "ಆಫೀಸಿಗಾ ಪುಟ್ಟೀ?" ಅಂತ ಕೇಳುತ್ತಿತ್ತು. ನಾನು ಹಲ್ಲು ಕಿರಿದು "ಹೂಂ ಆಂಟಿ" ಅನ್ನುತ್ತಿದ್ದೆ. ಎರಡನೇ ವಾರದಿಂದ ಯಾರೂ ಕೇಳಲಿಲ್ಲ. ನನ್ನನ್ನು ಕಂಡರೆ ಒಬ್ಬರು ಗಿಡಕ್ಕೆ ನೀರು ಹಾಕುವುದರಲ್ಲಿ ಮುಳುಗುತ್ತಿದ್ದರು, ಇನ್ನೊಬ್ಬರು ರಂಗೋಲಿಗೆ ಬಗ್ಗುತ್ತಿದ್ದರು. ಅಮ್ಮನಿಗೆ ಹೇಳಿದರೆ, "ಹೊಟ್ಟೆಕಿಚ್ಚು ಕಣೇ" ಅಂದಳು, ಬಹಳ ತೃಪ್ತಿಯಿಂದ.

ಇಂಟರ್‌ವ್ಯೂ ಇದ್ದ ದಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆ. ಒಂದು ಕಡೆ ಎರಡು ಹುದ್ದೆಗೆ ಎಷ್ಟು ಜನ ಬಂದಿದ್ದರೆಂದರೆ ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತೆವು. ಪಕ್ಕದಲ್ಲಿದ್ದ ದೊಡ್ಡಬಳ್ಳಾಪುರದ ಹುಡುಗಿ ನನ್ನ ಚಿತ್ರಾನ್ನ ತಿಂದು, ತನ್ನ ಚಪಾತಿ ಕೊಟ್ಟು, "ಇಬ್ರಿಗೂ ಸಿಗಲ್ಲ ಬಿಡ್ರಿ, ಊಟನಾದ್ರೂ ಚೆನ್ನಾಗಾಯ್ತು" ಅಂದಳು. ಅವಳ ಮಾತೇ ನಿಜವಾಯಿತು. ಇನ್ನೊಂದು ಕಡೆ, ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ ಅಂತ ಕೇಳಿದರು. ಹತ್ತನೆಯ ಸಲ ಅದೇ ಪ್ರಶ್ನೆ ಕೇಳಿ ನನಗೆ ರೇಗಿಹೋಗಿತ್ತು. "ಮುಂದಿನ ಸೋಮವಾರ ಎಲ್ಲಿರ್ತೀನೋ ಅದೇ ಗೊತ್ತಿಲ್ಲ ಸಾರ್" ಅಂದುಬಿಟ್ಟೆ. ಕೇಳಿದವರು ನಕ್ಕರು, ಕೆಲಸ ಮಾತ್ರ ಕೊಡಲಿಲ್ಲ.

ಇಂಟರ್‌ವ್ಯೂ ಇಲ್ಲದ ದಿನವೇ ಜಾಸ್ತಿ. ಆಗೆಲ್ಲ ನನ್ನ ಆಫೀಸು ಅಪ್ಪನ ವೇಬ್ರಿಡ್ಜ್ ಕ್ಯಾಬಿನ್. ಮೂಲೆಯ ಸ್ಟೂಲಿನಲ್ಲಿ ಕೂತು ಮೊಬೈಲಿನಲ್ಲಿ ಅರ್ಜಿ ಹಾಕುತ್ತಿದ್ದೆ, ಬೇಜಾರಾದರೆ ಚೀಟಿ ಬರೆದುಕೊಡುತ್ತಿದ್ದೆ. ಕಾಲೇಜಿನಲ್ಲಿ ಎರಡು ವರ್ಷ ಪರದೆಯ ಮೇಲೆ ನೋಡಿದ್ದ ಸರಕು ಸಾಗಣೆ ಇಲ್ಲಿ ಕಣ್ಣೆದುರೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅಪ್ಪನದೊಂದು ಪದ್ಧತಿ. ತೂಕ ಹಾಕುವ ಮುಂಚೆ ಪ್ರತಿ ಸಲವೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದರು: "ಯಾರಪ್ಪಾ ಒಳಗಿರೋದು? ಎಲ್ಲಾ ಇಳೀರಿ!" ಡ್ರೈವರು, ಕ್ಲೀನರು ಗೊಣಗುತ್ತಾ ಇಳಿದ ಮೇಲೇ ಅವರ ಬೆರಳು ಗುಂಡಿ ಒತ್ತುತ್ತಿದ್ದುದು.

ಅಲ್ಲಿದ್ದ ಒಂದೇ ಗಂಡಾಂತರವೆಂದರೆ ನಮ್ಮ ಎದುರುಮನೆಯ ಯಜಮಾನರು. ಅವರಿಗೆ ಹೈವೇ ಪಕ್ಕದಲ್ಲೇ ಲಾರಿಗಳಿಗೆ ಟಾರ್ಪಾಲ್ ಹೊಲಿಯುವ ಅಂಗಡಿ. ನಾನು ಚಿಕ್ಕಂದಿನಿಂದ ಟಾರ್ಪಾಲ್ ಅಂಕಲ್ ಅಂತಲೇ ಕರೆಯುತ್ತೇನೆ, ಅವರ ಹೆಂಡತಿಯನ್ನು ಅವರ ಮನೆಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಅಂತ. ಅಂಕಲ್‌ಗೆ ಹನ್ನೊಂದು ಗಂಟೆಗೆ ಅಪ್ಪನ ಜೊತೆ ಟೀ ಕುಡಿಯುವ ಅಭ್ಯಾಸ. ಅವರ ಮೊಪೆಡ್ ಸದ್ದು ಕೇಳಿದ್ದೇ ತಡ, ನಾನು ಮೇಜಿನ ಕೆಳಗೆ! ಮಂಡಿ ಮಡಚಿ, ಉಸಿರು ಬಿಗಿಹಿಡಿದು ಕೂತರೆ, ಅವರು ಮೇಲೆ ಆರಾಮಾಗಿ ಬಿಸಿಲು, ಟ್ರಾಫಿಕ್ಕು, ಸೊಸೆಯ ಅಡಿಗೆ ಎಲ್ಲ ಮಾತಾಡಿ ಮುಗಿಸುತ್ತಿದ್ದರು. ಅಪ್ಪನೂ ಬೇಗ ಸಾಗಹಾಕಬಾರದೇ? "ಇನ್ನೊಂದು ಟೀ ಹೇಳ್ಲಾ?" ಅಂತ ಕೇಳುತ್ತಿದ್ದರು. ಕಾಲು ಜೋಮು ಹಿಡಿದು ನಾನು ಒಳಗೊಳಗೇ ಅವರಿಬ್ಬರಿಗೂ ಶಾಪ ಹಾಕುತ್ತಿದ್ದೆ.

ಈ ನಡುವೆ ಅಮ್ಮನಿಗೆ ಹೊಸ ಕೊರಗು ಹತ್ತಿಕೊಂಡಿತು. ಎದುರುಮನೆಗೆ ಹೋದ ಡಬ್ಬಿ ವಾಪಸ್ ಬಂದಿರಲಿಲ್ಲ. ಅದು ಅಜ್ಜಿಯ ಕಾಲದ ದಪ್ಪ ಸ್ಟೀಲ್ ಡಬ್ಬಿ. ಕೊಟ್ಟ ಡಬ್ಬಿಯನ್ನು ಕೇಳುವುದು ನಮ್ಮಲ್ಲಿ ಸರಿಯಲ್ಲ, ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದೂ ಸರಿಯಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಖಾಲಾ ಅಂತೂ ಈ ವಿಷಯದಲ್ಲಿ ಅಮ್ಮನಿಗಿಂತ ಕಟ್ಟುನಿಟ್ಟು. ತಿಂಗಳೊಳಗೆ ಏನಾದರೂ ತುಂಬಿಸಿ ಕಳಿಸುವವರು ನಾಲ್ಕು ತಿಂಗಳಾದರೂ ಸುಮ್ಮನಿದ್ದರು. "ಮರ್ತೇಬಿಟ್ರೋ ಏನೋ. ಇಲ್ಲಾಂದ್ರೆ ನನ್ನ ಮಿಠಾಯಿ ಏನಾದ್ರೂ ಹಾಳಾಗಿತ್ತಾ?" ಅಂತ ಅಮ್ಮ ಎದುರಿನ ಬಾಗಿಲನ್ನು ನೋಡಿ ನೋಡಿ ಹಲುಬುತ್ತಿದ್ದಳು.

ಐದನೇ ತಿಂಗಳಲ್ಲಿ ತುಮಕೂರು ರಸ್ತೆಯ ಒಂದು ದೊಡ್ಡ ಗೋಡೌನಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಲಾರಿ ಬರುವುದು ಹೋಗುವುದನ್ನೆಲ್ಲ ನೋಡಿಕೊಳ್ಳುವ ಕೆಲಸ. ಕನ್ನಡಕವನ್ನು ತಲೆ ಮೇಲೇರಿಸಿಕೊಂಡಿದ್ದ ಮ್ಯಾನೇಜರ್ ಮೇಡಂ ನಮ್ಮ ಐದು ಜನರನ್ನು ಒಟ್ಟಿಗೆ ಕೂರಿಸಿ, ಎರಡು ತೂಕದ ಚೀಟಿ ಮೇಜಿನ ಮೇಲಿಟ್ಟರು. ಒಂದು ಅಕ್ಕಿ ತುಂಬಿದ ಲಾರಿಯದು, ಇನ್ನೊಂದು ಅದೇ ಲಾರಿ ಖಾಲಿಯಾದ ಮೇಲಿನದು.

"ಚೀಟಿ ಪ್ರಕಾರ ಎಷ್ಟು ಅಕ್ಕಿ ಇರ್ಬೇಕೋ ಅದಕ್ಕಿಂತ ನೂರಮೂವತ್ತು ಕಿಲೋ ಕಡಿಮೆ ಇದೆ. ಒಂದು ಮೂಟೆನೂ ಒಡೆದಿಲ್ಲ, ಯಾರೂ ಕದ್ದಿಲ್ಲ. ಏನ್ಮಾಡ್ತೀರಿ?"

ಒಬ್ಬ ಎದ್ದು ಬೋರ್ಡಿನ ಮೇಲೆ ಕಾಲೇಜಿನಲ್ಲಿ ಕಲಿಸುವ ಮೀನಿನ ಮೂಳೆಯಂಥ ಚಿತ್ರ ಬರೆದು ಕಾರಣಗಳನ್ನು ವಿಂಗಡಿಸಿದ. ಇನ್ನೊಬ್ಬಳು ಸಾಫ್ಟ್‌ವೇರ್ ಹಾಕಿಸಬೇಕು ಅಂದಳು. ನನಗೆ ಕಿವಿಯಲ್ಲಿ ಅಪ್ಪನ ಕೂಗು ಕೇಳಿಸುತ್ತಿತ್ತು.

"ಮೇಡಂ, ಖಾಲಿ ಲಾರಿ ತೂಕ ಹಾಕುವಾಗ ಡ್ರೈವರು, ಕ್ಲೀನರು ಟೀ ಕುಡಿಯೋಕೆ ಇಳಿದಿದ್ರಾ?"

ಮೇಡಂ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ನಾನು ಮುಂದುವರಿಸಿದೆ. ತುಂಬಿದ ಲಾರಿ ತೂಗುವಾಗ ಇಬ್ಬರೂ ಒಳಗೇ ಕೂತಿದ್ದಾರೆ, ಖಾಲಿ ತೂಗುವಾಗ ಇಳಿದಿದ್ದಾರೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅವರ ತೂಕವೂ ಅಕ್ಕಿಯ ಲೆಕ್ಕಕ್ಕೆ ಸೇರಿಬಿಟ್ಟಿದೆ. ಕಡಿಮೆ ಬಂದಿರುವುದು ಅಕ್ಕಿಯಲ್ಲ, ಆ ಇಬ್ಬರ ಮೈತೂಕ.

"ಇದನ್ನ ಯಾವ ಕಾಲೇಜಲ್ಲಿ ಹೇಳಿಕೊಟ್ರು?"

ಆ ಕ್ಷಣ ಏನಾದರೊಂದು ಸುಳ್ಳು ಹೇಳಬಹುದಿತ್ತು. ನಾಲ್ಕು ತಿಂಗಳು ಸುಳ್ಳು ಹೇಳಿ ಸಾಕಾಗಿತ್ತು. "ನಮ್ಮ ತಂದೆ ವೇಬ್ರಿಡ್ಜಲ್ಲಿ ಕೆಲಸ ಮಾಡ್ತಾರೆ ಮೇಡಂ. ನಂಗೆ ಕೆಲಸ ಸಿಗ್ಲಿಲ್ಲ, ಮನೇಲಿ ಕೂರೋ ಹಾಗಿರ್ಲಿಲ್ಲ, ಅಲ್ಲೇ ಕೂತಿದ್ದೆ" ಅಂದೆ. ಹೊರಗಿನವರ ಮುಂದೆ ಬಾಯಿಬಿಟ್ಟು ನಿಜ ಹೇಳಿದ್ದು ಅದೇ ಮೊದಲು.

ಎರಡು ದಿನದ ಮೇಲೆ ಲೆಟರ್ ಬಂತು. ಈ ಸಲ ಅಮ್ಮ ಅದನ್ನು ಮೂರು ಸಲ ಓದಿಸಿದಳು, ಕಂಪನಿಗೆ ಫೋನ್ ಮಾಡಿಸಿ ಖಾತ್ರಿ ಮಾಡಿಕೊಂಡಳು, ದೇವರ ಮುಂದಿಟ್ಟಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಮೊದಲು ಆಡಿದ ಮಾತು, "ಛೇ, ಈಗ ಮಿಠಾಯಿ ಹಂಚೋ ಹಾಗೂ ಇಲ್ಲ! ಬೀದಿಯವ್ರ ಲೆಕ್ಕದಲ್ಲಿ ನೀನು ಐದು ತಿಂಗಳ ಹಿಂದೆಯೇ ಸೇರಿದೀಯ."

ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಖಾಲಾ ಬಂದರು. ಕೈಯಲ್ಲಿ ಅಜ್ಜಿಯ ಸ್ಟೀಲ್ ಡಬ್ಬಿ, ಮುಚ್ಚಳ ತೆಗೆದರೆ ತುಪ್ಪ ಒಸರುವ ಕ್ಯಾರೆಟ್ ಹಲ್ವಾ, ಮೇಲೆ ಗೋಡಂಬಿ.

"ತಡ ಆಯ್ತು, ಬೇಜಾರು ಮಾಡ್ಕೋಬೇಡಿ" ಅಂದರು ಅಮ್ಮನಿಗೆ. "ಡಬ್ಬಿ ಖಾಲಿ ಕೊಡಬಾರ್ದು. ಸುಮ್ನೆ ಸಕ್ಕರೆ ಹಾಕಿ ಕೊಡೋಕೆ ಮನಸ್ಸು ಬರ್ಲಿಲ್ಲ. ಬೇಟಿಗೆ ಕೆಲಸ ಸಿಗ್ಲಿ, ಆಗ ಮಿಠಾಯಿ ತುಂಬ್ಸೇ ಕೊಡೋಣ ಅಂತ ಇಟ್ಕೊಂಡಿದ್ದೆ."

ಅಮ್ಮನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. "ಅಂದ್ರೆ... ನಿಮ್ಗೆ ಗೊತ್ತಿತ್ತಾ?"

"ಎರಡನೇ ವಾರಾನೇ ಗೊತ್ತಾಯ್ತು. ನಮ್ಮನೆಯವ್ರು ಟೀ ಕುಡಿಯೋಕೆ ಹೋದಾಗ ಮೇಜಿನ ಕೆಳಗಿಂದ ಇವಳ ದುಪಟ್ಟಾ ಗಜದುದ್ದ ಹೊರಗೆ ಬಿದ್ದಿತ್ತಂತೆ. ಈಗ ಕೆಲಸ ಸಿಕ್ಕಿದ್ದನ್ನ ನಿಮ್ಮನೆಯವ್ರೇ ಟೀ ಕುಡೀತಾ ಹೇಳಿದ್ರಂತೆ."

ಮೂಲೆಯಲ್ಲಿದ್ದ ಅಪ್ಪ ಪೇಪರು ಮುಖಕ್ಕೆ ಹಿಡಿದರು. ಪೇಪರು ಅಲುಗುತ್ತಿತ್ತು. ಆಗ ಗೊತ್ತಾಯಿತು, ಅಂಕಲ್‌ಗೆ ಎಲ್ಲ ಗೊತ್ತು ಅಂತ ಇವರಿಗೂ ಗೊತ್ತಿತ್ತು ಅಂತ.

"ಬೀದೀಲಿ ಇನ್ಯಾರಿಗೆ ಗೊತ್ತು?" ಅಮ್ಮನ ಧ್ವನಿ ಸಣ್ಣಗಾಗಿತ್ತು.

ಖಾಲಾ ಅಮ್ಮನ ಕೈ ಹಿಡಿದುಕೊಂಡರು. "ಎಲ್ರಿಗೂ ಗೊತ್ತು ಬಿಡಿ. ನೀವು ಅಷ್ಟು ಖುಷಿಯಾಗಿ ಹಂಚಿದ್ರಲ್ಲ, ನಿಮ್ ಮುಂದೆ ಯಾರೂ ಎತ್ತೋದು ಬೇಡ ಅಂದ್ಕೊಂಡ್ವಿ. ಪಾಪ ಮಗುನ ದಿನಾ ಕೇಳಿ ಸುಳ್ಳು ಹೇಳಿಸೋದೂ ಬೇಡ ಅಂತ ಕೇಳೋದನ್ನೂ ಬಿಟ್ವಿ."

ನನಗೆ ಆ ಗಿಡಕ್ಕೆ ಹಾಕುತ್ತಿದ್ದ ನೀರು, ಆ ಮುಗಿಯದ ರಂಗೋಲಿ ಎಲ್ಲ ನೆನಪಾಯಿತು. ಅಮ್ಮ ಒಂದು ಚಮಚ ಹಲ್ವಾ ತೆಗೆದು ಮೊದಲು ಖಾಲಾ ಬಾಯಿಗೇ ಇಟ್ಟಳು. ಇಬ್ಬರೂ ಅಳುತ್ತಾ ನಗುತ್ತಾ ಬಹಳ ಹೊತ್ತು ಅಡಿಗೆಮನೆಯಲ್ಲಿ ಕೂತಿದ್ದರು.

ಮರುದಿನ ಎಂಟಕ್ಕೆ ಸರಿಯಾಗಿ ಮನೆ ಬಿಟ್ಟೆ. ಅದೇ ಬ್ಯಾಗು, ಅದೇ ಚಿತ್ರಾನ್ನ. ಮೊದಲ ಗೇಟಿನಲ್ಲಿ ನೀರಿನ ಪೈಪು ಕೆಳಗಿಟ್ಟು ಆಂಟಿ ತಲೆಯೆತ್ತಿದರು.

"ಆಫೀಸಿಗಾ ಪುಟ್ಟೀ?"

"ಹೂಂ ಆಂಟಿ, ಆಫೀಸಿಗೆ."

ಎರಡನೇ ಗೇಟಿನಲ್ಲೂ ಕೇಳಿದರು, ಮೂರನೆಯದರಲ್ಲೂ ಕೇಳಿದರು. ರಂಗೋಲಿ ಹಾಕುತ್ತಿದ್ದವರು ಎದ್ದು ನಿಂತು ಕೇಳಿದರು. ಒಂದು ಮನೆಯನ್ನೂ ಬಿಡದೆ ನಿಂತು ನಿಂತು ಉತ್ತರ ಹೇಳಿದೆ, ಮೊದಲ ದಿನವೇ ಕೆಲಸಕ್ಕೆ ಹತ್ತು ನಿಮಿಷ ತಡವಾಗಿ ಹೋದೆ.