ಮೂರನೆಯ ಭೋಂಗಾ ಎಷ್ಟು ಗಂಟೆಗೆ?

ಹೋದ ಮಂಗಳವಾರ ಮುಂಜಾನೆ ನಾನು ಒಂದು ಗೋಡೆ ಹಾರಿದೆ.

ವಯಸ್ಸು ಇಪ್ಪತ್ತೊಂಬತ್ತು. ಓದಿದ್ದು ತರ್ಕಶಾಸ್ತ್ರದಲ್ಲಿ ಎಂ.ಎ. ಉಟ್ಟಿದ್ದು ಅವತ್ತೇ ಇಸ್ತ್ರಿಯಾಗಿ ಬಂದ ಬಿಳಿ ಧೋತರ. ಈ ಮೂರರಲ್ಲಿ ಯಾವುದೂ ಗೋಡೆ ಹಾರಲು ಅನುಕೂಲವಾದದ್ದಲ್ಲ. ಧೋತರದ ಅಂಚು ಗೋಡೆಯ ಮೇಲಿನ ಗಾಜಿನ ಚೂರಿಗೆ ಸಿಕ್ಕಿ, ನಾನು ಒಳಗೆ, ಅರ್ಧ ಧೋತರ ಹೊರಗೆ ಎಂಬ ಪರಿಸ್ಥಿತಿ. (ನೀವು ನಗಬಹುದು. ಎದುರಿನ ಚಹಾದಂಗಡಿಯವನು ಆಗಲೇ ನಕ್ಕು ಮುಗಿಸಿದ್ದಾನೆ.)

ಹಾರಿದ್ದು ನಮ್ಮ ಮನೆಯ ಎದುರಿನ ಬಟ್ಟೆ ಗಿರಣಿಯ ಗೋಡೆ. ಗಿರಣಿಯ ಹೆಸರು ಬೇಡ. ಮುಚ್ಚಿ ಕೆಲವು ವರ್ಷಗಳಾದವು. ಗೇಟಿಗೆ ಕೋರ್ಟಿನ ಮೊಹರಿದೆ. ಚಿಮಣಿಯ ತುದಿಯಲ್ಲಿ ಒಂದು ಆಲದ ಗಿಡ ಹುಟ್ಟಿ, ಸೊಲ್ಲಾಪುರದಲ್ಲಿ ಈಗ ಎಲ್ಲರಿಗಿಂತ ಎತ್ತರದಲ್ಲಿ ಸುಖವಾಗಿದೆ. ಕೂಲಿಗಳು ಮುಂಬೈಗೆ ಹೋದರು, ಅವರ ಹಿಂದೆ ಕ್ಷೌರಿಕ ಹೋದ, ಅವನ ಹಿಂದೆ ಸೋಡಾ ಮಾರುವವನು ಹೋದ. ನಮ್ಮ ಅಪ್ಪನ ಕಿರಾಣಿ ಅಂಗಡಿ ಮಾತ್ರ ಗೇಟನ್ನೇ ನೋಡುತ್ತ ಕೂತಿದೆ.

ಹಾಗಾದರೆ ಒಳಗೆ ನನಗೇನು ಕೆಲಸ?

ನನ್ನ ತಂಗಿ ಶಾಂತಾ ಹುಟ್ಟಿದ್ದು ಎಷ್ಟು ಗಂಟೆಗೆ ಎಂದು ನೋಡಿಕೊಂಡು ಬರಬೇಕಿತ್ತು.

ತಲೆ ಕೆಟ್ಟಿದೆ ಎನ್ನಬೇಡಿ. ಶಾಂತಾ ಹುಟ್ಟಿದ ಕಾಲಕ್ಕೆ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಗಡಿಯಾರವಿತ್ತು? ಇದ್ದದ್ದು ಗಿರಣಿಯ ಭೋಂಗಾ. ಬಾಯ್ಲರಿನ ಉಗಿಯಿಂದ ಕೂಗುವ ಆ ಸೀಟಿ ಮುಂಜಾನೆ ಮೂರು ಸಲ ಆಗುತ್ತಿತ್ತು. ಮೊದಲನೆಯದಕ್ಕೆ ಏಳಬೇಕು, ಎರಡನೆಯದಕ್ಕೆ ಮನೆ ಬಿಡಬೇಕು, ಮೂರನೆಯದಕ್ಕೆ ಗೇಟು ಮುಚ್ಚುತ್ತದೆ. ಮಗು ಹುಟ್ಟಿದರೂ ಅದರ ಲೆಕ್ಕದಲ್ಲೇ ಹುಟ್ಟಬೇಕು. 'ಎರಡನೇ ಭೋಂಗಾ ಆಗಿ ಒಲೆ ಹೊತ್ತುವಷ್ಟು ಹೊತ್ತಿಗೆ ಪುತ್ರೋತ್ಸವ' ಎಂದು ಬರೆದ ಜಾತಕವನ್ನು ನಾನೇ ಕಣ್ಣಾರೆ ನೋಡಿದ್ದೇನೆ. (ಒಣ ಕಟ್ಟಿಗೆಯೋ ಹಸಿ ಕಟ್ಟಿಗೆಯೋ ಎಂದು ಬರೆದಿರಲಿಲ್ಲ.)

ಶಾಂತಾ ಹುಟ್ಟಿದ್ದು ಮೂರನೆಯ ಭೋಂಗಾಕ್ಕೆ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಈಗ ಅಕ್ಕಲಕೋಟದ ಒಬ್ಬ ಸಾಲಿ ಮಾಸ್ತರ ಅವಳನ್ನು ಒಪ್ಪಿದ್ದಾನೆ. ಎರಡು ಸಲ ನೋಡಿಹೋದ. ಎರಡನೆಯ ಸಲ ಬರಲು ಕಾರಣವೇ ಇರಲಿಲ್ಲ, ಛತ್ರಿ ಮರೆತಿದ್ದೆ ಎಂದ. ಛತ್ರಿಯನ್ನು ಅವನು ತಂದೇ ಇರಲಿಲ್ಲ. ಶಾಂತಾ ಒಳಗೆ ಹೋಗಿ ಅಪ್ಪನ ಛತ್ರಿ ತಂದು ಕೊಟ್ಟಳು. ಅಷ್ಟರ ಮೇಲೆ ಇನ್ನೇನು ಕೇಳುವುದಿದೆ?

ಕೇಳಿದ್ದು ಹುಡುಗನ ತಾಯಿ ನೀಲವ್ವ. ಅವರ ಜೋಯಿಸರು ಪಂಚಾಂಗ ಬಿಡಿಸಿ, ಆ ದಿನ ಮುಂಜಾನೆ ಏಳು ಗಂಟೆ ಹತ್ತು ನಿಮಿಷದವರೆಗೆ ಪುಷ್ಯ ನಕ್ಷತ್ರ, ಅದರಾಚೆ ಆಶ್ಲೇಷಾ ಎಂದುಬಿಟ್ಟರು. ಆಶ್ಲೇಷಾದಲ್ಲಿ ಹುಟ್ಟಿದ ಸೊಸೆ ಬಂದರೆ ಅತ್ತೆ ಉಳಿಯುವುದಿಲ್ಲವಂತೆ. ನೀಲವ್ವ ವಿಧವೆ, ಒಬ್ಬನೇ ಮಗ, ಇನ್ನೂ ಮೊಮ್ಮಕ್ಕಳನ್ನು ಆಡಿಸಬೇಕು ಎಂಬ ಆಸೆಯಿದೆ. ಮೂರನೆಯ ಭೋಂಗಾ ಏಳಕ್ಕೋ ಏಳೂವರೆಗೋ, ಇಷ್ಟು ಹೇಳಿ ಎಂದು ಅವರು ಹೇಳಿಕಳಿಸಿದರು. ಏಳಕ್ಕಾದರೆ ಲಗ್ನ. ಏಳೂವರೆಗಾದರೆ ಇಲ್ಲ.

ನನಗೆ ಜಾತಕದಲ್ಲಿ ನಂಬಿಕೆಯಿಲ್ಲ. ಆದರೆ ಪುರಾವೆಯಲ್ಲಿ ನಂಬಿಕೆಯಿದೆ. ಅದೂ ಒಂದು ರೋಗವೇ.

ಮೊದಲು ನನ್ನ ನೆನಪನ್ನೇ ಸಾಕ್ಷಿಗೆ ಕರೆದೆ. ಆಗ ನನಗೆ ಒಂಬತ್ತು ವರ್ಷ. ಸ್ಪಷ್ಟವಾಗಿ ನೆನಪಿದೆ: ಜಡಿಮಳೆ, ಬಾಗಿಲಲ್ಲಿ ತೋಯುತ್ತ ನಿಂತ ನಾನು, ಒಳಗೆ ಕೂಸಿನ ಅಳು, ಮೇಲೆ ಭೋಂಗಾ. ಅವ್ವನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಅದು ಚೈತ್ರಮಾಸ. ಮಳಿ ಎಲ್ಲಿಂದ ಬರಬೇಕೋ? ಮತ್ತ ನೀ ಮನ್ಯಾಗ ಇದ್ದೆಲ್ಲಿ? ವಾಗದರಿಯೊಳಗ ನಿಮ್ಮ ಅಜ್ಜನ ಮನ್ಯಾಗ ಇದ್ದಿ. ಹನ್ನೆರಡ ದಿನಾ ಆದಮ್ಯಾಲ ಬಂದು ಕೂಸು ನೋಡಿ, ಇದು ಬ್ಯಾಡ, ತಿರುಗಿ ಕೊಟ್ಟು ಬರ್ರಿ ಅಂದಿ."

ನಾನು ಇಲ್ಲದ ಜಾಗದಲ್ಲಿ, ಬಾರದ ಮಳೆಯಲ್ಲಿ, ಇಪ್ಪತ್ತು ವರ್ಷದಿಂದ ತೋಯುತ್ತ ನಿಂತಿದ್ದೇನೆ! ನಿಮ್ಮ ನೆನಪುಗಳನ್ನೂ ಒಮ್ಮೆ ನಿಮ್ಮ ತಾಯಿಯ ಮುಂದಿಟ್ಟು ನೋಡಿ.

ಓಣಿಯಲ್ಲಿ ಕೇಳಿದರೆ ಅರ್ಧ ಮಂದಿ ಏಳು ಎಂದರು, ಅರ್ಧ ಮಂದಿ ಏಳೂವರೆ ಎಂದರು. ಉಳಿದದ್ದು ಒಂದೇ ದಾರಿ. ಗಿರಣಿಯ ಟೈಮ್ ಆಫೀಸಿನ ಗೋಡೆಯ ಮೇಲೆ ಭೋಂಗಾದ ವೇಳೆಯನ್ನು ಬಣ್ಣದಲ್ಲಿ ಬರೆದಿದ್ದರು ಎಂದು ಅಪ್ಪ ಹೇಳಿದ. ಹೊರಟೆ. ಶಾಂತಾ ಬಾಗಿಲಿಗೆ ಅಡ್ಡ ನಿಂತಳು.

"ಅಣ್ಣಾ, ನೀ ಖರೇ ಹುಡುಕಾಕ ಹೊಂಟೀಯೋ, ನನ್ನ ಲಗ್ನಾ ಮುರಿಯಾಕ ಹೊಂಟೀಯೋ?"

ಸತ್ಯಕ್ಕೆ ಹೆದರಬಾರದು ಎಂದು ಹೇಳಿ ಬಂದು ಗೋಡೆ ಹಾರಿದೆ. ಆಮೇಲಿನದು ನಿಮಗೆ ಗೊತ್ತಿದೆ.

ಧೋತರ ಬಿಡಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. ಕಂಬಳಿ ಹೊದ್ದ, ಹಣೆ ತುಂಬ ಭಂಡಾರದ ಅರಿಸಿನ ಹಚ್ಚಿಕೊಂಡ ಮುದುಕ. ಅವನೇ ಕಾವಲುಗಾರ.

"ಸಾವ್ಕಾರ್ರ, ಹಿಂದಿನ ಬಾಜೂಕ ಗ್ವಾಡಿ ಬಿದ್ದು ವರ್ಸ ಆತು. ಮಂದಿ ಎಲ್ಲಾ ಅಲ್ಲಿಂದ ನಡದ ಬರ್ತಾರ. ನೀವ್ಯಾಕ ಹಾರಿದ್ರಿ?"

ನಾನು ಉಳಿದ ಧೋತರವನ್ನು ಸುತ್ತಿಕೊಂಡು ಅವನ ಹೆಸರು ಕೇಳಿದೆ.

ಹೆಸರು ಬೀರಪ್ಪ, ಊರು ನಾಗಣಸೂರ. ನಾನು ಕಿರಾಣಿ ಅಂಗಡಿಯವರ ಮಗ ಎಂದು ತಿಳಿದ ಮೇಲೆ ಒಳಗೆಲ್ಲ ತಿರುಗಿಸಿ ತೋರಿಸಿದ. ಓದುಗರೇ, ಏನು ಹೇಳಲಿ! ಮಗ್ಗಗಳನ್ನು ಕಿತ್ತು ಮಾರಿದ್ದಾರೆ, ನೆಲದಲ್ಲಿ ಬೋಲ್ಟುಗಳಷ್ಟೇ ಸಾಲಾಗಿ ನಿಂತಿವೆ. ಮೇಲಿನ ಗಾಜು ಒಡೆದು ಬಿಸಿಲು ಚೌಕ ಚೌಕವಾಗಿ ಬಿದ್ದಿದೆ. ಆ ಒಂದೊಂದು ಚೌಕದಲ್ಲೂ ಒಂದೊಂದು ಕುರಿ ಮಲಗಿದೆ. ಎಲ್ಲ ಬೀರಪ್ಪನವು. ಮೊದಲು ಇಲ್ಲಿ ಮಾತು ಕೇಳಿಸಬೇಕಾದರೆ ಕಿವಿಯಲ್ಲಿ ಕೂಗಬೇಕಿತ್ತಂತೆ, ಈಗ ಕುರಿ ಮೆಲುಕು ಹಾಕುವುದೂ ಕೇಳುತ್ತದೆ. ಪಾರಿವಾಳಗಳು ಶಿಫ್ಟು ಬದಲಾದಂತೆ ಒಂದು ತೊಲೆಯಿಂದ ಇನ್ನೊಂದು ತೊಲೆಗೆ ಹಾರುತ್ತಿದ್ದವು. ಹಾಳು ಬಿದ್ದ ಜಾಗದಲ್ಲಿ ದುಃಖವಾಗಬೇಕು ಎಂದು ಕೇಳಿದ್ದೆ. ನನಗೆ ಯಾಕೋ ಸಾಲಿಗೆ ಸೂಟಿ ಕೊಟ್ಟಂತಾಗಿ ಕುಣಿಯಬೇಕೆನಿಸಿತು. ಅಷ್ಟು ದೊಡ್ಡ ಜಾಗ, ಅಷ್ಟು ಬೆಳಕು, 'ಒಳಗೆ ಬರಬೇಡ' ಎನ್ನಲು ಯಾರೂ ಇಲ್ಲ!

ಟೈಮ್ ಆಫೀಸಿನ ಗೋಡೆ ಸಿಕ್ಕಿತು. ಮರಾಠಿ, ಕನ್ನಡ, ತೆಲುಗು, ಮೂರರಲ್ಲೂ ಬರೆದಿದ್ದರು. ಪಹಿಲಾ ಭೋಂಗಾ ಆರು. ಎರಡನೆಯದು ಆರೂವರೆ. ಮೂರನೆಯದು ಏಳರ ಅಂಕಿ, ಅದರ ಮುಂದೆ ನಿಮಿಷದ ಜಾಗದಲ್ಲಿ ಗಿಲಾವು ಉದುರಿ ಬರೀ ಇಟ್ಟಿಗೆ! ಏಳೋ, ಏಳೂವರೆಯೋ? ಮೂರು ಭಾಷೆಯಲ್ಲೂ ಸರಿಯಾಗಿ ಅಲ್ಲೇ ಉದುರಬೇಕೆ? ಇಡೀ ಆಫೀಸಿನ ಗೋಡೆ ನಿಂತಿದೆ, ನನ್ನ ತಂಗಿಯ ಲಗ್ನದಷ್ಟು ಗಿಲಾವು ಮಾತ್ರ ಬಿದ್ದಿದೆ.

ಬೀರಪ್ಪನನ್ನು ಕೇಳಿದೆ. ಕಾಗದದ ಮೇಲೆ ಏಳಕ್ಕೇ ಇತ್ತು ಎಂದ. ನಿನಗೆ ಹೇಗೆ ಗೊತ್ತು ಎಂದೆ. ಹದಿನೆಂಟು ವರ್ಷ ಭೋಂಗಾದ ಸರಪಳಿ ಜಗ್ಗಿದವನು ತಾನೇ ಎಂದ! ನಾನು ಹಿಗ್ಗಿ ಅವನ ಕೈ ಹಿಡಿದೆ. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಓದಿದವನಲ್ಲವೇ, ಇನ್ನೊಂದು ಪ್ರಶ್ನೆ ಕೇಳಿದೆ. ದಿನಾ ಬರೋಬ್ಬರಿ ಏಳಕ್ಕೇ ಜಗ್ಗುತ್ತಿದ್ದೆಯಾ, ಕಾಕಾ?

"ಅದ್ಹ್ಯಾಂಗ ಆಕ್ಕೈತ್ರಿ? ಗೇಟ್ ಮುಚ್ಚಿದ್ರ ಮಂದೀದು ಒಂದ ದಿನದ ಕೆಲಸಾ ಹೋಗ್ತಿತ್ತು. ಬಾಯ್ಲರ್ ಖಿಡಕ್ಯಾಗಿಂದ ಹಾದಿ ಕಾಣ್ತಿತ್ರಿ. ಯಾರರೆ ಓಡಿ ಬರೂದ ಕಂಡ್ರ ಕೈ ಏಳ್ತಿರಲಿಲ್ಲ."

ಅಂದರೆ ಇಡೀ ಪೇಟೆ ನಂಬಿಕೊಂಡಿದ್ದ ಏಳು ಗಂಟೆ ಯಾರಾದರೂ ಓಡಿ ಬರುವವರೆಗೆ ಕಾಯುತ್ತ ನಿಂತಿರುತ್ತಿತ್ತು!

ಶಾಂತಾ ಹುಟ್ಟಿದ ದಿನವೂ ಅವನಿಗೆ ಚೆನ್ನಾಗಿ ನೆನಪಿತ್ತು. ಅವಳ ಸೂಲಗಿತ್ತಿ ಕಾಶವ್ವ ಗಿರಣಿಯಲ್ಲಿ ನೂಲು ಸುತ್ತುವವಳು. ಈಗ ಅವಳಿಲ್ಲ. ಅವತ್ತು ಹೆರಿಗೆ ಮುಗಿಸಿ ಗೇಟಿಗೆ ಓಡಬೇಕಾಗಿತ್ತು. ಬೀರಪ್ಪ ಸರಪಳಿ ಹಿಡಿದು ಅವಳ ಹಾದಿ ಕಾದ. ಪಾವ ತಾಸು ಕಾದ. ಕಾಶವ್ವ ಬಂದು, ಅಂಗಡಿಯವರಿಗೆ ಹೆಣ್ಣು ಎಂದು ಕೂಗಿ ಒಳಗೆ ಹೋದ ಮೇಲೆ ಜಗ್ಗಿದ. ಅದಕ್ಕಾಗಿ ಅವನನ್ನು ಎಂಟು ದಿನ ಸರಪಳಿಯಿಂದ ತೆಗೆದು ಕಲ್ಲಿದ್ದಲು ಹೊರಲು ಹಾಕಿದರು. ಮರೆಯುವುದು ಹೇಗೆ?

ಪಾವ ತಾಸು ಎಂದರೆ ಹದಿನೈದು ನಿಮಿಷ. ಏಳೂ ಕಾಲು. ಕೂಸು ಹುಟ್ಟಿದ್ದು ಅದಕ್ಕಿಂತ ತುಸು ಮೊದಲು. ಏಳೂ ಹತ್ತರ ಈಚೆಗೋ ಆಚೆಗೋ? ದೇವರಿಗೇ ಗೊತ್ತು. (ದೇವರ ವಿಷಯದಲ್ಲೂ ನನಗೆ ಸಂಶಯವಿದೆ, ಅದು ಬೇರೆ ಮಾತು.)

ಮನೆಗೆ ಬಂದು ಎಲ್ಲ ಹೇಳಿದೆ. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಇದ್ದದ್ದನ್ನು ಇದ್ದಂತೆ ಬೀಗರಿಗೆ ಹೇಳಬೇಕು ಎಂದು ನಾನು ಹಟ ಹಿಡಿದೆ. ಶಾಂತಾ ಹೇಳಿದ್ದು ಒಂದೇ ಮಾತು: "ಹೇಳೂದಿದ್ರ ಸರಪಳಿ ಜಗ್ಗಿದಾವ ಹೇಳ್ಲಿ. ನೀ ಬಾಯಿ ಬಿಡಬ್ಯಾಡ."

ಗುರುವಾರ ಬೀರಪ್ಪ ಕುರಿಗಳನ್ನು ಟೈಮ್ ಆಫೀಸಿನಲ್ಲಿ ಕೂಡಿ ಚಿಲಕ ಹಾಕಿದ. (ಆ ಆಫೀಸಿನಲ್ಲಿ ಅಷ್ಟು ಚೆನ್ನಾಗಿ ಹಾಜರಿ ಎಂದೂ ಇರಲಿಲ್ಲವಂತೆ.) ಇಬ್ಬರೂ ಅಕ್ಕಲಕೋಟದ ಬಸ್ಸು ಹತ್ತಿದೆವು. ಬಸ್ಸು ಕೆಟ್ಟು ನಿಂತರೆ ಸಾಕು ಎಂದು ದಾರಿಯುದ್ದಕ್ಕೂ ಹಾರೈಸಿದೆ. ಸತ್ಯಕ್ಕೆ ಹೆದರಬಾರದು ಎಂದು ಹೇಳಿದವನು ಯಾರು? ನಾನೇನಾ?

ನೀಲವ್ವ ಗಟ್ಟಿ ಹೆಂಗಸು. ಚಹಾ ಕೊಟ್ಟರು, ಅವಲಕ್ಕಿ ಚೂಡಾ ಕೊಟ್ಟರು. ಮಾಸ್ತರ ನಮ್ಮ ಅಪ್ಪನ ಛತ್ರಿಯನ್ನು ಮಡಚುತ್ತ ಬಿಚ್ಚುತ್ತ ಮೂಲೆಯಲ್ಲಿ ನಿಂತಿದ್ದ. ಆಕೆ ನನ್ನತ್ತ ನೋಡದೆ ಬೀರಪ್ಪನನ್ನೇ ಕೇಳಿದರು.

"ಹಿರ್ಯಾರ, ನಾ ಸಾಯಾಕ ಅಂಜೂದಿಲ್ಲ. ಆದ್ರ ಸೊಸಿ ಬಂದ ದಿನಾನ ಆಕಿ ಮಾರಿ ನೋಡಿ ಅಂಜಬಾರದು ನೋಡ್ರಿ. ಅದಕ್ಕ ಕೇಳಾಕತ್ತೀನಿ. ಆವತ್ತ ಭೋಂಗಾ ಆದಾಗ ಎಷ್ಟ ಆಗಿತ್ತು?"

ಬೀರಪ್ಪ ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದ. "ನಮ್ಮ ಮನಿದೇವ್ರು ಬೀರಪ್ಪದೇವರ ಆಣಿ ಮಾಡಿ ಹೇಳ್ತೀನವ್ವ. ನಾ ಜಗ್ಗಿದಾಗ ಏಳ. ಕೂಸು ಅದಕ್ಕಿಂತ ಮೊದಲ ಹುಟ್ಟಿತ್ತು."

ನಾನು ಬಾಯಿ ತೆರೆದೆ. ಚೂಡಾ ನೆತ್ತಿಗೇರಿತು. ಕೆಮ್ಮು ನಿಲ್ಲುವಷ್ಟರಲ್ಲಿ ನೀಲವ್ವ ಆ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಮಗನಿಗೆ ಸಕ್ಕರೆ ತಾ ಎಂದಿದ್ದರು. ಅವನು ಛತ್ರಿ ಬಿಚ್ಚಿಕೊಂಡೇ ಅಡಿಗೆಮನೆಗೆ ಓಡಿದ.

ಬಾಯಿಯಲ್ಲಿ ಸಕ್ಕರೆ ಇರುವಾಗ ಸತ್ಯ ಹೇಳುವುದು ಕಷ್ಟ.

ತಿರುಗಿ ಬರುವ ಬಸ್ಸಿನಲ್ಲಿ ಮಾತ್ರ ಬೀರಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಪಾವ ತಾಸು ತಡ ಮಾಡಿದೆ ಎಂದು ನೀನೇ ಹೇಳಿದ್ದೆಯಲ್ಲ, ದೇವರ ಮೇಲೆ ಸುಳ್ಳು ಆಣೆ ಹಾಕಿದೆಯಲ್ಲ ಕಾಕಾ ಎಂದೆ. ಅವನಿಗೆ ಖರೇನೇ ಬೇಸರವಾಯಿತು.

"ಸುಳ್ಳ ಎಲ್ಲಿ ಹೇಳೀನ್ರಿ? ನಾ ಸರಪಳಿ ಜಗ್ಗೂ ಮಟಾ ಸೊಲ್ಲಾಪುರದಾಗ ಏಳ ಆಗ್ತಿರಲಿಲ್ಲ. ಆವತ್ತೂ ನಾ ಜಗ್ಗಿದ ಮ್ಯಾಲೇ ಏಳ ಆತು."

ಎಂ.ಎ. ಓದುವಾಗ ಕಾಲದ ಸ್ವರೂಪವನ್ನು ಕುರಿತು ಇಡೀ ಒಂದು ಪೇಪರು ಬರೆದಿದ್ದೇನೆ. ಇದನ್ನು ಖಂಡಿಸುವ ಒಂದು ವಾಕ್ಯ ನನಗೆ ಹೊಳೆಯಲಿಲ್ಲ. ಅವತ್ತು ನಮ್ಮ ಅಪ್ಪ ಅಂಗಡಿಯ ಹಲಗೆ ತೆಗೆದದ್ದು ಆ ಏಳಕ್ಕೆ. ಸಾಲಿಯ ಗಂಟೆ ಹೊಡೆದದ್ದು ಆ ಏಳನ್ನು ಹಿಡಿದು. ಸಾವಿರಾರು ಜನ ಮಗ್ಗದ ಮುಂದೆ ನಿಂತದ್ದು ಆ ಏಳಕ್ಕೆ. ಇಷ್ಟು ಮಂದಿಗೆ ಏಳು ಆಗಿದ್ದಾಗ, ಅಲ್ಲ, ಏಳೂ ಕಾಲು ಎಂದು ಹೇಳಲು ಪಂಚಾಂಗ ಯಾರು? ನಾನು ಯಾರು? ಮಳೆಯಿಲ್ಲದೆ ತೋಯ್ದವನು!

ಈಗ ಗಿರಣಿ ಕೂಗುವುದಿಲ್ಲ. ನಮ್ಮ ಓಣಿಯಲ್ಲಿ ಮನೆಗೊಂದು ಗಡಿಯಾರ ಬಂದಿದೆ, ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಮನೆಯಲ್ಲಿ ಎಂಟಾದಾಗ ಪಕ್ಕದ ಮನೆಯಲ್ಲಿ ಎಂಟಕ್ಕೆ ಐದು ಕಡಿಮೆ. ತಡವಾದವನು ತಡವಾದನು, ಅಷ್ಟೇ. ಕಾಯುವವರಿಲ್ಲ. ಗಿರಣಿ ಮುಚ್ಚಿತು ಎಂದಾಗ ಮುಚ್ಚಿದ್ದು ಹೀಗೆ ಕಾಯುವುದೂ ಹೌದು ಎಂದು ನನಗೆ ಗೋಡೆ ಹಾರಿದ ಮೇಲೆ ತಿಳಿಯಿತು.

ಲಗ್ನ ಬರುವ ತಿಂಗಳು, ಮುಹೂರ್ತ ಹನ್ನೊಂದಕ್ಕೆ. ಬೀರಪ್ಪನಿಗೆ ಮೊದಲ ಅಕ್ಷತೆ ಎಂದು ಶಾಂತಾ ಹೇಳಿಬಿಟ್ಟಿದ್ದಾಳೆ. ಅವನು ಕುರಿ ಕೂಡಿ ಬರುವುದು ತಡವಾದರೆ ಏನು ಗತಿ ಎಂದು ಜೋಯಿಸರು ಕೇಳಿದ್ದಾರೆ.

ಏನು ಗತಿ? ಅವತ್ತು ಹನ್ನೊಂದು ಆಗುವುದೂ ತುಸು ತಡವಾಗುತ್ತದೆ.